ಕಾನ್‌ಫೋಕಲ್ ಖರೀದಿ: ಚಿತ್ರದ ಸೊಗಸೋ, ಕೋಶದ ಆಯುಷ್ಯವೋ?

ವೈಜ್ಞಾನಿಕ ಉಪಕರಣಗಳ ಖರೀದಿ ನಿಯಮಗಳನ್ನು ಕೇಂದ್ರ ಸರಕಾರ 2025ರ ಜೂನ್‌ನಲ್ಲಿ ಸಡಿಲಿಸಿದಾಗ ದೇಶದ ಪ್ರಯೋಗಾಲಯಗಳು ನೆಮ್ಮದಿಯ ನಿಟ್ಟುಸಿರು ಬಿಟ್ಟವು. ಕೊಟೇಶನ್ ಇಲ್ಲದೆಯೇ ನೇರವಾಗಿ ಕೊಳ್ಳಬಹುದಾದ ಮೊತ್ತ 1 ಲಕ್ಷ ರೂ.ಗಳಿಂದ 2 ಲಕ್ಷಕ್ಕೆ ಏರಿತು. ಖರೀದಿ ಸಮಿತಿಯ ಮಿತಿ 10 ಲಕ್ಷದಿಂದ 25 ಲಕ್ಷಕ್ಕೆ ಹೋಯಿತು. ಎಲ್ಲಕ್ಕಿಂತ ಮುಖ್ಯವಾಗಿ, 200 ಕೋಟಿ ರೂ.ವರೆಗಿನ ಜಾಗತಿಕ ಟೆಂಡರಿಗೆ ಅನುಮತಿ ನೀಡುವ ಅಧಿಕಾರ ಸಂಶೋಧನ ಸಂಸ್ಥೆಗಳ ನಿರ್ದೇಶಕರಿಗೂ ಕುಲಪತಿಗಳಿಗೂ ದೊರೆಯಿತು. ಸ್ವಾವಲಂಬನೆಯ ಹೆಸರಿನಲ್ಲಿ 2020ರ ಮೇ ತಿಂಗಳಲ್ಲಿ ಇಂತಹ ಟೆಂಡರುಗಳಿಗೆ ಬಿದ್ದಿದ್ದ ತಡೆಯಿಂದಾಗಿ ವಿದೇಶಿ ಉಪಕರಣವೊಂದಕ್ಕೆ ಮೇಲಿನಿಂದ ಮೇಲಿನ ಕಚೇರಿಗೆ ಕಡತ ಸುತ್ತಿಸಿ ಬೇಸತ್ತವರಿಗೆ ಇದು ದೊಡ್ಡ ಬಿಡುಗಡೆಯೇ ಸರಿ.

ಆದರೆ ಅಡ್ಡಿ ಸರಿದ ಬಳಿಕ ಉಳಿಯುವುದು ಹೊಣೆ. ಸೂಕ್ತ ಉಪಕರಣ ಬರಲಿಲ್ಲವೆಂದರೆ ಇದುವರೆಗೆ ನಿಯಮದತ್ತ ಬೆರಳು ತೋರಿಸಬಹುದಿತ್ತು. ಇನ್ನು ಮುಂದೆ ಬೆರಳು ತಿರುಗುವುದು ತಾಂತ್ರಿಕ ವಿವರಪಟ್ಟಿ ಬರೆದ ಸಮಿತಿಯತ್ತ. ಆ ಪಟ್ಟಿಗಳನ್ನು ನಾವು ಹೇಗೆ ಬರೆಯುತ್ತಿದ್ದೇವೆ? ಈ ಪ್ರಶ್ನೆಗೆ ಉತ್ತರ ಹುಡುಕಲು, ಇಂದು ಜೀವವಿಜ್ಞಾನ ವಿಭಾಗಗಳು ಆಸೆಪಡುವ ಮತ್ತು ಕೋಟಿಗಟ್ಟಲೆ ರೂಪಾಯಿ ಬೇಡುವ ಒಂದು ಉಪಕರಣವನ್ನೇ ಪರೀಕ್ಷೆಗೆ ಒಡ್ಡೋಣ. ಅದು ಕಾನ್‌ಫೋಕಲ್ ಸೂಕ್ಷ್ಮದರ್ಶಕ. ಅದರಲ್ಲೂ ಜೀವಂತ ಕೋಶಗಳನ್ನು ಗಂಟೆಗಳಲ್ಲ, ದಿನಗಟ್ಟಲೆ ವೀಕ್ಷಿಸುವ ಉದ್ದೇಶಕ್ಕಾಗಿ ಕೊಳ್ಳುವ ಕಾನ್‌ಫೋಕಲ್.

ಬೆಳಕೇ ವೈರಿ

ಕಾನ್‌ಫೋಕಲ್‌ನ ಮೂಲ ಕಲ್ಪನೆ ಹಳೆಯದು. ಮುಂದೆ ಕೃತಕ ಬುದ್ಧಿಮತ್ತೆಯ ಕ್ಷೇತ್ರದಲ್ಲಿ ಹೆಸರಾದ ಮಾರ್ವಿನ್ ಮಿನ್ಸ್‌ಕಿ 1957ರಲ್ಲಿ ಅದರ ಪೇಟೆಂಟಿಗೆ ಅರ್ಜಿ ಹಾಕಿದರು. 1961ರಲ್ಲಿ ಅದು ಮಂಜೂರಾಯಿತು. ಮೆದುಳಿನ ನರಕೋಶಗಳ ದಟ್ಟ ಹೆಣಿಗೆಯನ್ನು ಬಿಡಿಸಿ ನೋಡಬೇಕೆಂಬುದು ಅವರ ಹಂಬಲವಾಗಿತ್ತು. ಸಾಮಾನ್ಯ ಸೂಕ್ಷ್ಮದರ್ಶಕದಲ್ಲಿ ನಾಭಿಯಲ್ಲಿರುವ ಪದರದ ಬೆಳಕಿನೊಂದಿಗೆ ಮೇಲಿನ, ಕೆಳಗಿನ ಪದರಗಳ ಮಸುಕು ಬೆಳಕೂ ಸೇರಿ ಚಿತ್ರ ಕದಡುತ್ತದೆ. ಮಿನ್ಸ್‌ಕಿ ಬೆಳಕಿನ ದಾರಿಯಲ್ಲಿ ಸೂಜಿಮೊನೆಯಂತಹ ರಂಧ್ರವೊಂದನ್ನಿಟ್ಟು ಆ ಮಸುಕನ್ನು ತಡೆದರು. ಇಂದಿನ ಯಂತ್ರಗಳಲ್ಲಿ ಲೇಸರ್ ಕಿರಣ ಕೋಶದ ಒಂದೊಂದೇ ಬಿಂದುವನ್ನು ಬೆಳಗುತ್ತ ಸಾಗುತ್ತದೆ. ಪ್ರತಿದೀಪ್ತಿ ನೀಡುವ ಪ್ರೋಟೀನು, ಎಂದರೆ ಒಂದು ಬಣ್ಣದ ಬೆಳಕು ಹೀರಿ ಇನ್ನೊಂದು ಬಣ್ಣದಲ್ಲಿ ಮಿನುಗುವ ಅಣು, ಉತ್ತರ ಕೊಡುತ್ತದೆ. ಬಿಂದುಗಳು ಕೂಡಿ ಚಿತ್ರವಾಗುತ್ತದೆ. ಅಂತಹ ಹಸಿರು ಪ್ರೋಟೀನಿಗಾಗಿ ಶಿಮೊಮುರಾ, ಚಾಲ್ಫಿ, ತ್ಸಿಯೆನ್ ಅವರಿಗೆ 2008ರ ರಸಾಯನಶಾಸ್ತ್ರದ ನೊಬೆಲ್ ಸಂದದ್ದು ಓದುಗರಿಗೆ ನೆನಪಿರಬಹುದು.

ಇಲ್ಲಿ ಒಂದು ವಿಷಯವನ್ನು ಖರೀದಿ ಸಮಿತಿಗಳು ಸಾಮಾನ್ಯವಾಗಿ ಮರೆಯುತ್ತವೆ. ರಂಧ್ರವು ತಡೆಯುವುದು ಹೊರಬರುವ ಮಸುಕು ಬೆಳಕನ್ನು ಮಾತ್ರ. ಒಳಹೋಗುವ ಲೇಸರ್ ಕೋಶದ ಇಡೀ ದಪ್ಪವನ್ನು ಹಾದುಹೋಗುತ್ತದೆ. ಹದಿನೈದು ಪದರಗಳ ಚಿತ್ರ ತೆಗೆದರೆ ನಮಗೆ ಸಿಗುವುದು ಪದರಕ್ಕೊಂದು ಚಿತ್ರವಾದರೂ ಕೋಶವಂತೂ ಮೇಲಿಂದ ಕೆಳಗಿನವರೆಗೆ ಹದಿನೈದು ಬಾರಿ ಬೆಳಕಿನ ಹೊಡೆತ ತಿನ್ನುತ್ತದೆ. ಬೆಳಕು ಹೀರಿದ ಅಣು ಆಮ್ಲಜನಕದೊಂದಿಗೆ ವರ್ತಿಸಿ ಕೋಶಕ್ಕೆ ವಿಷವಾಗುವ ಕಣಗಳನ್ನು ಹುಟ್ಟಿಸುತ್ತದೆ. ನೇರಳೆ, ನೀಲಿ ಬೆಳಕಿನಲ್ಲಿ ಈ ಹಾನಿ ಹೆಚ್ಚು, ಕೆಂಪಿನಲ್ಲಿ ಕಡಿಮೆ. ಬಣ್ಣ ಮಾಸುವುದು ಕಣ್ಣಿಗೆ ಕಾಣುತ್ತದೆ, ಹಾನಿ ಕಾಣುವುದಿಲ್ಲ. ಬಣ್ಣ ಮಾಸುವ ಮುನ್ನವೇ ಕೋಶ ತನ್ನ ವಿಭಜನೆಯನ್ನು ಮುಂದೂಡಿರಬಹುದು, ಅದರ ಮೈಟೊಕಾಂಡ್ರಿಯಾ ತುಂಡಾಗಿರಬಹುದು. ಚಿತ್ರ ಮಾತ್ರ ಸೊಗಸಾಗಿಯೇ ಬರುತ್ತಿರುತ್ತದೆ. ಇಂತಹ ಚಿತ್ರವನ್ನು ನಂಬಿ ಬರೆದ ಪ್ರಬಂಧವು ಕೋಶದ ಸಹಜ ಜೀವನವನ್ನಲ್ಲ, ಲೇಸರಿನಿಂದ ಬಳಲಿದ ಕೋಶದ ಜೀವನವನ್ನು ವರದಿ ಮಾಡುತ್ತದೆ ಎಂಬುದೇ ಇಲ್ಲಿರುವ ಅಪಾಯ. ಔಷಧದ ಪರಿಣಾಮವೆಂದು ಬಗೆದದ್ದು ಬೆಳಕಿನ ಪರಿಣಾಮವಾಗಿದ್ದರೆ ಅದರ ಬೆಲೆ ತೆರುವವರು ಯಾರು?

ಎರಡು ರಾತ್ರಿಗಳ ಲೆಕ್ಕ

ಮಾರಾಟಗಾರರು ತೋರಿಸುವ ಪ್ರಾತ್ಯಕ್ಷಿಕೆ ಬಹುತೇಕ ಒಂದೇ ಬಗೆಯದು. ಮೊದಲೇ ಸಂಸ್ಕರಿಸಿ ಗಾಜಿನ ಮೇಲೆ ಸ್ಥಿರಗೊಳಿಸಿದ, ಎಂದರೆ ಸತ್ತ, ಕೋಶಗಳ ಸ್ಲೈಡು, ನಾಲ್ಕು ಬಣ್ಣ, ದೊಡ್ಡ ಪರದೆ. ಸಭೆ ಬೆರಗಾಗುತ್ತದೆ. ಆ ಬೆರಗೇ ಮುಂದೆ ತಾಂತ್ರಿಕ ವಿವರಪಟ್ಟಿಗೆ ಇಳಿದು ಲೇಸರುಗಳ ಸಂಖ್ಯೆಯಾಗಿ, ಪೃಥಕ್ಕರಣದ ನ್ಯಾನೊಮೀಟರುಗಳಾಗಿ ಕುಳಿತುಬಿಡುತ್ತದೆ. ಸತ್ತ ಕೋಶಕ್ಕೆ ಬೆಳಕಿನ ಭಯವಿಲ್ಲವೆಂಬುದನ್ನು ಯಾರೂ ಎತ್ತುವುದಿಲ್ಲ.

ಇದರ ಬದಲು ನಿಜವಾದ ಒಂದು ಪ್ರಯೋಗವನ್ನು ಕಾಗದದ ಮೇಲೆ ಇಟ್ಟು ನೋಡಬೇಕು. ಕೋಶ ವಿಭಜನೆಯನ್ನು ಎರಡು ದಿನ, ಎರಡು ರಾತ್ರಿ ನೋಡಬೇಕಾಗಿದೆಯೆಂದು ಇಟ್ಟುಕೊಳ್ಳಿ. ತಟ್ಟೆಯ 10 ಜಾಗಗಳು, ಪ್ರತಿ ಜಾಗದಲ್ಲಿ 15 ಪದರ, 2 ಬಣ್ಣ, ಐದು ನಿಮಿಷಕ್ಕೊಮ್ಮೆ. ಒಂದು ಸುತ್ತಿಗೆ 300 ಚಿತ್ರಗಳಾದವು. ಬಿಂದುವಿನಿಂದ ಬಿಂದುವಿಗೆ ಸಾಗುವ ಸಾಂಪ್ರದಾಯಿಕ ಕಾನ್‌ಫೋಕಲ್‌ನಲ್ಲಿ 512×512 ಬಿಂದುಗಳ ಒಂದು ಹದವಾದ ಚಿತ್ರಕ್ಕೆ ಸುಮಾರು ಒಂದು ಸೆಕೆಂಡ್ ಹಿಡಿಯುತ್ತದೆ. ಮುನ್ನೂರು ಚಿತ್ರಕ್ಕೆ ಮುನ್ನೂರು ಸೆಕೆಂಡ್, ಅಂದರೆ ಸರಿಯಾಗಿ ಐದು ನಿಮಿಷ. ತಟ್ಟೆಯನ್ನು ಜಾಗದಿಂದ ಜಾಗಕ್ಕೆ ಸರಿಸಲು, ನಾಭಿ ಹುಡುಕಲು ಒಂದು ಕ್ಷಣವೂ ಉಳಿಯಲಿಲ್ಲ. ಯಂತ್ರ ಎಷ್ಟೇ ಉತ್ತಮವಾದರೂ ಪ್ರಯೋಗ ಇಲ್ಲಿಗೇ ನಿಂತಿತು. ಈ ಅಂಕಗಣಿತಕ್ಕೆ ಪರಿಣತಿ ಬೇಕಿಲ್ಲ, ಆದರೂ ಖರೀದಿ ಕಡತಗಳಲ್ಲಿ ಇದು ಕಾಣಸಿಗುವುದು ಅಪರೂಪ.

ಇದಕ್ಕೆ ಪರ್ಯಾಯವಾಗಿ ಬಂದದ್ದು ತಿರುಗುವ ತಟ್ಟೆಯ ಕಾನ್‌ಫೋಕಲ್. ಪೌಲ್ ನಿಪ್ಕೊ ಎಂಬ ಜರ್ಮನ್ ತಂತ್ರಜ್ಞ 1884ರಲ್ಲಿ ಚಿತ್ರ ಪ್ರಸಾರಕ್ಕೆಂದು ಕಲ್ಪಿಸಿದ ರಂಧ್ರಗಳ ತಟ್ಟೆಯೇ ಇದರ ಪೂರ್ವಜ. ಜಪಾನಿನ ಯೊಕೊಗಾವಾ ಕಂಪನಿ ಇದಕ್ಕೆ ಸಾವಿರಾರು ಕಿರುಮಸೂರಗಳ ಇನ್ನೊಂದು ತಟ್ಟೆಯನ್ನು ಜೋಡಿಸಿತು. ಒಂದು ಕಿರಣದ ಜಾಗದಲ್ಲಿ ಸಾವಿರದಷ್ಟು ಕಿರಣಗಳು ಏಕಕಾಲಕ್ಕೆ ಕೋಶದ ಮೇಲೆ ಓಡಾಡುತ್ತವೆ. ಚಿತ್ರವನ್ನು ಕ್ಯಾಮರಾ ಒಮ್ಮೆಗೇ ಹಿಡಿಯುತ್ತದೆ. ಸೆಕೆಂಡಿನ ಹತ್ತನೆಯ ಒಂದು ಭಾಗದಲ್ಲಿ ಒಂದು ಚಿತ್ರವೆಂದರೆ 300 ಚಿತ್ರಗಳಿಗೆ ಅರ್ಧ ನಿಮಿಷ. ಅದಕ್ಕಿಂತ ದೊಡ್ಡ ಲಾಭವೆಂದರೆ ಯಾವುದೇ ಬಿಂದುವಿನ ಮೇಲೆ ಒಂದು ಕ್ಷಣಕ್ಕೆ ಬೀಳುವ ಬೆಳಕಿನ ತೀವ್ರತೆ ಬಹಳ ತಗ್ಗುತ್ತದೆ. ಹೊರಬರುವ ಬೆಳಕೂ ವ್ಯರ್ಥವಾಗುವುದು ಕಡಿಮೆ: ಬಿಂದು ಕಾನ್‌ಫೋಕಲ್‌ನ ಉತ್ತಮ ಶೋಧಕವೂ ತನಗೆ ತಲುಪಿದ ಬೆಳಕಿನ ಕಣಗಳಲ್ಲಿ ಅರ್ಧಕ್ಕಿಂತ ಕಡಿಮೆಯನ್ನು ಎಣಿಸಿದರೆ ಇಂದಿನ ಅತ್ಯುತ್ತಮ ಕ್ಯಾಮರಾಗಳು ತಮಗೆ ಅನುಕೂಲವಾದ ಬಣ್ಣದಲ್ಲಿ ಶೇ.95ರವರೆಗೆ ಎಣಿಸುತ್ತವೆ. ಹೆಚ್ಚು ಎಣಿಸುವ ಯಂತ್ರಕ್ಕೆ ಕಡಿಮೆ ಲೇಸರ್ ಸಾಕು.

ಹಾಗೆಂದು ಬಿಂದು ಕಾನ್‌ಫೋಕಲ್ ಬೇಡವೇ ಬೇಡ ಎನ್ನಲಾಗದು. ಅದರ ರಂಧ್ರದ ಗಾತ್ರವನ್ನು ಹಿಗ್ಗಿಸಿ ಕುಗ್ಗಿಸಬಹುದು, ಕೋಶದ ಆಯ್ದ ಚೂರನ್ನು ಮಾತ್ರ ಬೆಳಗಬಹುದು. ಸೆಕೆಂಡಿಗೆ 8,000 ಬಾರಿ ಅತ್ತಿತ್ತ ತೂಗುವ ಅನುರಣಕ ಕನ್ನಡಿ ಇದ್ದರೆ ಅದೇ ಯಂತ್ರ ಸೆಕೆಂಡಿಗೆ ಮೂವತ್ತು ಚಿತ್ರದ ವೇಗವನ್ನೂ ಮುಟ್ಟುತ್ತದೆ. ಆದರೆ ಪ್ರತಿ ಚಿತ್ರವೂ ಕಾಳುಕಾಳಾಗಿ ಬರುವುದರಿಂದ ಹಲವನ್ನು ಕೂಡಿಸಿ ಸರಾಸರಿ ತೆಗೆಯಬೇಕಾಗುತ್ತದೆ. ತಿರುಗುವ ತಟ್ಟೆಗೂ ತನ್ನದೇ ದೋಷವಿದೆ. ಅಂಗಾಂಶ ದಪ್ಪವಾದಂತೆ ಪಕ್ಕದ ರಂಧ್ರಗಳ ಮೂಲಕ ಮಸುಕು ಬೆಳಕು ನುಸುಳಿ ಪದರಗಳು ಬೆರೆಯುತ್ತವೆ. ಇಡೀ ಭ್ರೂಣವೊಂದು ಬೆಳೆಯುವುದನ್ನು ದಿನಗಟ್ಟಲೆ ನೋಡಬೇಕಾದರೆ ಇವೆರಡೂ ಅಲ್ಲ, ನೋಡುವ ಪದರವನ್ನಷ್ಟೇ ಪಕ್ಕದಿಂದ ಬೆಳಗುವ ಬೆಳಕಿನ ಹಾಳೆಯ ಸೂಕ್ಷ್ಮದರ್ಶಕವೇ ಸರಿ. ಎರಿಕ್ ಬೆಟ್ಜಿಗ್ ತಂಡ 2014ರಲ್ಲಿ ಇದರ ಅತಿ ತೆಳುವಾದ ರೂಪವೊಂದನ್ನು ಪ್ರಕಟಿಸಿತು. ಅದೇ ವರ್ಷ ಬೇರೊಂದು ಸಂಶೋಧನೆಗಾಗಿ ಅವರಿಗೆ ನೊಬೆಲ್ ಬಂದುದು ಕಾಕತಾಳೀಯ. ಇನ್ನು ಗಾಜಿಗೆ ಅಂಟಿ ಚಪ್ಪಟೆಯಾಗಿ ಹರಡಿದ ತೆಳು ಕೋಶಗಳಾದರೆ ಕಾನ್‌ಫೋಕಲ್ ಬೇಕೆ ಎಂಬುದೇ ಮೊದಲ ಪ್ರಶ್ನೆಯಾಗಬೇಕು. ಉತ್ತಮ ಕ್ಯಾಮರಾ ಇರುವ ಸಾಮಾನ್ಯ ಪ್ರತಿದೀಪ್ತಿ ಸೂಕ್ಷ್ಮದರ್ಶಕ ಮತ್ತು ಮಸುಕನ್ನು ಗಣಿತದಿಂದ ತೊಳೆಯುವ ತಂತ್ರಾಂಶ ಅನೇಕ ಬಾರಿ ಸಾಕಾಗುತ್ತದೆ. ತಟ್ಟೆಯಲ್ಲಿ ಬೆಳೆಸಿದ ಕೋಶಗಳನ್ನು ಎರಡು ಮೂರು ದಿನ ನೋಡುವ ವಿಭಾಗವೊಂದು ಒಂದೇ ಯಂತ್ರ ಕೊಳ್ಳಬಲ್ಲುದಾದರೆ ಈ ಲೇಖಕನ ಮತ ತಿರುಗುವ ತಟ್ಟೆಗೆ.

ವಿವರಪಟ್ಟಿಯ ಕೊನೆಯ ಪುಟ

ದೀರ್ಘ ವೀಕ್ಷಣೆ ಸೋಲುವುದು ಹೆಚ್ಚಾಗಿ ಲೇಸರಿನಿಂದಲ್ಲ, ಐಚ್ಛಿಕ ಪರಿಕರಗಳೆಂದು ಪಟ್ಟಿಯ ಕೊನೆಯಲ್ಲಿ ಸೇರಿಸುವ ಸಣ್ಣ ಸಂಗತಿಗಳಿಂದ. ನಾಭಿಯ ಸರಿತವನ್ನೇ ನೋಡಿ. ಹತ್ತು ಸೆಂಟಿಮೀಟರ್ ಉಕ್ಕು ಒಂದು ಡಿಗ್ರಿ ಬಿಸಿಯಾದರೆ ಸುಮಾರು 1.2 ಮೈಕ್ರೊಮೀಟರ್ ಹಿಗ್ಗುತ್ತದೆ. ಶಕ್ತಿಯುತ ಮಸೂರವೊಂದು ಸ್ಪಷ್ಟವಾಗಿ ಕಾಣುವ ಪದರದ ದಪ್ಪ ಅದಕ್ಕಿಂತ ಕಡಿಮೆ. ಕೋಣೆಯ ಹವಾನಿಯಂತ್ರಕ ಒಮ್ಮೆ ನಿಂತು ಮತ್ತೆ ಹೊರಟರೆ ಸಾಕು, ಕೋಶ ನಾಭಿಯಿಂದ ಜಾರಿರುತ್ತದೆ. ಗಾಜಿನ ಮೇಲ್ಮೈಯಿಂದ ಅತಿಗೆಂಪು ಕಿರಣವನ್ನು ಪ್ರತಿಫಲಿಸಿ ದೂರವನ್ನು ಸತತವಾಗಿ ಅಳೆಯುವ ನಾಭಿರಕ್ಷಕ ವ್ಯವಸ್ಥೆಯನ್ನು ನಿಕಾನ್, ಝೈಸ್, ಲೈಕಾ, ಒಲಿಂಪಸ್‌ನಿಂದ ಬೇರ್ಪಟ್ಟ ಎವಿಡೆಂಟ್ ಎಲ್ಲರೂ ಬೇರೆ ಬೇರೆ ಹೆಸರಿನಲ್ಲಿ ಕೊಡುತ್ತಾರೆ. ದೀರ್ಘ ವೀಕ್ಷಣೆಗೆ ಅದು ಅನಿವಾರ್ಯ, ಐಚ್ಛಿಕವಲ್ಲ.

ಮಸೂರದ ವಿಷಯವೂ ಹೀಗೆಯೇ. ಎಣ್ಣೆಯ ಮಸೂರ ಅತಿ ಹೆಚ್ಚು ಬೆಳಕು ಸಂಗ್ರಹಿಸುತ್ತದೆ ನಿಜ, ಆದರೆ ಎಣ್ಣೆಯ ವಕ್ರೀಭವನ ಸೂಚ್ಯಂಕ 1.515, ಕೋಶವಿರುವ ದ್ರವದ್ದು ನೀರಿನಂತೆ 1.33ರ ಆಸುಪಾಸು. ಆಳಕ್ಕೆ ಹೋದಂತೆ ಚಿತ್ರ ಕೆಡುತ್ತದೆ. ನೀರಿನ ಮಸೂರ ಇದಕ್ಕೆ ಪರಿಹಾರವಾದರೂ 37 ಡಿಗ್ರಿ ಶಾಖದಲ್ಲಿ ಮಸೂರದ ಮೇಲಿನ ಹನಿ ಕೆಲವು ಗಂಟೆಗಳಲ್ಲೇ ಆರುತ್ತದೆ. ನಡುರಾತ್ರಿ ಹನಿ ಹಾಕುವವರು ಯಾರು? ಹನಿಯನ್ನು ತಾನೇ ಪೂರೈಸುವ ಪಂಪು ಬೇಕು, ಇಲ್ಲವೆ ಆರದ ಸಿಲಿಕೋನ್ ಎಣ್ಣೆಗೆಂದೇ ರೂಪಿಸಿದ ಮಸೂರ ಬೇಕು. ಅದರ ಸೂಚ್ಯಂಕ 1.40, ಕೋಶದೊಳಗಿನ ದ್ರವ್ಯಕ್ಕೆ ಹತ್ತಿರ.

ಶಾಖ, ತೇವಾಂಶ, ಶೇ.5ರ ಇಂಗಾಲದ ಡೈ ಆಕ್ಸೈಡು ಇವುಗಳನ್ನು ಕಾಯುವ ಪೆಟ್ಟಿಗೆ ಸೂಕ್ಷ್ಮದರ್ಶಕವನ್ನೇ ಆವರಿಸುವಂತಿದ್ದರೆ ಒಳಿತು; ತಟ್ಟೆಯನ್ನಷ್ಟೇ ಮುಚ್ಚುವ ಸಣ್ಣ ಗೂಡು ಅಗ್ಗ, ಆದರೆ ತಣ್ಣನೆಯ ಮಸೂರ ತಾಗಿದ ಜಾಗದಲ್ಲೇ ಕೋಶದ ಶಾಖವನ್ನು ಹೀರುತ್ತಿರುತ್ತದೆ. ತೇವ ಕಡಿಮೆಯಾದರೆ ದ್ರವ ಆವಿಯಾಗಿ ಉಪ್ಪಿನಂಶ ಏರುತ್ತದೆ, ಕೋಶ ಕುಗ್ಗುತ್ತದೆ. ಮತ್ತೆ ವಿದ್ಯುತ್ತು. ವಿದ್ಯುತ್ ಹೋಗಿ ಜನರೇಟರ್ ಹೊತ್ತಿಕೊಳ್ಳುವ ನಡುವಿನ ಅರ್ಧ ನಿಮಿಷ ನಲವತ್ತನೆಯ ಗಂಟೆಯಲ್ಲಿದ್ದ ಪ್ರಯೋಗವನ್ನು ಮುಗಿಸಿಬಿಡಬಲ್ಲುದು. ಗಣಕಕ್ಕೆ ಯುಪಿಎಸ್ ಇಟ್ಟು ಶಾಖಪೆಟ್ಟಿಗೆಯನ್ನು ಮರೆಯುವುದು ನಮ್ಮಲ್ಲಿ ನಡೆಯುವಂಥದ್ದೇ. ಕೊನೆಗೆ ದತ್ತಾಂಶ: ಮೇಲೆ ಹೇಳಿದ ಪ್ರಯೋಗವನ್ನು 2048×2048 ಬಿಂದುಗಳ ಕ್ಯಾಮರಾದಲ್ಲಿ ತೆಗೆದರೆ ಒಂದು ಚಿತ್ರಕ್ಕೆ 8 ಮೆಗಾಬೈಟ್‌ಗೂ ಮಿಕ್ಕು, 48 ಗಂಟೆಗೆ 576 ಸುತ್ತು, ಒಟ್ಟು ಸುಮಾರು 1.45 ಟೆರಾಬೈಟ್. ಒಂದು ಪ್ರಯೋಗಕ್ಕೆ! ವರ್ಷಕ್ಕೆ ಐವತ್ತು ಪ್ರಯೋಗ ನಡೆದರೆ ಅದನ್ನು ಎಲ್ಲಿಡುವುದೆಂಬ ಪ್ರಶ್ನೆಗೆ ಖರೀದಿಯ ದಿನವೇ ಉತ್ತರವಿರಬೇಕು.

ಬಜೆಟ್ ಕಿರಿದಾದಾಗ ಮೊದಲು ಕತ್ತರಿ ಬೀಳುವುದು ಈ ಕೊನೆಯ ಪುಟಕ್ಕೆ. ಸರಕಾರಿ ಅನುದಾನದ ಸಂಶೋಧನ ಸಂಸ್ಥೆಗಳಿಗಿದ್ದ ಶೇ.5ರ ರಿಯಾಯಿತಿ ಜಿಎಸ್‌ಟಿ ದರವನ್ನು 2022ರ ಜುಲೈ 18ರಿಂದ ಹಿಂತೆಗೆದುಕೊಂಡಾಗ ಸೂಕ್ಷ್ಮದರ್ಶಕಗಳ ಮೇಲಿನ ತೆರಿಗೆ ಶೇ.18ಕ್ಕೆ ಹೋಯಿತು. ಎರಡು ಕೋಟಿ ರೂ. ಬೆಲೆಯ ಯಂತ್ರವೆಂದು ಲೆಕ್ಕ ಹಿಡಿದರೆ 10 ಲಕ್ಷವಿದ್ದ ತೆರಿಗೆ 36 ಲಕ್ಷವಾಯಿತು. ಆ 26 ಲಕ್ಷದಲ್ಲಿ ನಾಭಿರಕ್ಷಕ, ಸಿಲಿಕೋನ್ ಮಸೂರ, ಶಾಖಪೆಟ್ಟಿಗೆಗಳಿಗೆ ಹಣ ಹೊಂದಿಸಬಹುದಿತ್ತು. ಒಂದು ಕೈಯಲ್ಲಿ ಅನುದಾನ ಕೊಟ್ಟು ಇನ್ನೊಂದು ಕೈಯಲ್ಲಿ ತೆರಿಗೆಯಾಗಿ ಹಿಂಪಡೆಯುವ ಈ ಪದ್ಧತಿಯ ಔಚಿತ್ಯವನ್ನು ಖರೀದಿ ನಿಯಮ ಸಡಿಲಿಸಿದವರೇ ಪರಿಶೀಲಿಸಬೇಕಾಗಿದೆ.

ಹಂಚಿಕೆ ಎಲ್ಲಿಯವರೆಗೆ?

ಪ್ರತಿ ವಿಭಾಗವೂ ಕೊಳ್ಳುವ ಬದಲು ಇರುವುದನ್ನೇ ಹಂಚಿಕೊಳ್ಳಬಾರದೇಕೆ ಎಂಬ ವಾದ ಸಾಧುವಾದುದೇ. 2020ರ ಜನವರಿಯಲ್ಲಿ ಬೆಂಗಳೂರಿನ ವಿಜ್ಞಾನ ಕಾಂಗ್ರೆಸ್ಸಿನಲ್ಲಿ ಪ್ರಧಾನಿ ಉದ್ಘಾಟಿಸಿದ ಐ-ಸ್ಟೆಮ್ ಜಾಲತಾಣದ ಉದ್ದೇಶವೂ ಅದೇ: ದೇಶದ ಯಾವ ಸಂಸ್ಥೆಯಲ್ಲಿ ಯಾವ ಉಪಕರಣವಿದೆ ಎಂದು ತಿಳಿದು, ಸಮಯ ಕಾದಿರಿಸಿ ಬಳಸಬಹುದು. ಬೆಂಗಳೂರಿನ ಎನ್‌ಸಿಬಿಎಸ್‌ನಂತಹ ಸಂಸ್ಥೆಗಳ ಸೂಕ್ಷ್ಮದರ್ಶಕ ಕೇಂದ್ರಗಳು ಈ ಹಂಚಿಕೆಯ ಸಂಸ್ಕೃತಿಯನ್ನು ಬೆಳೆಸಿವೆ. ಸ್ಥಿರಗೊಳಿಸಿದ ಸ್ಲೈಡುಗಳನ್ನು ಧಾರವಾಡದಿಂದಲೋ ಕಲಬುರಗಿಯಿಂದಲೋ ರೈಲಿನಲ್ಲಿ ತಂದು ಎರಡು ಗಂಟೆಯಲ್ಲಿ ಕೆಲಸ ಮುಗಿಸಬಹುದು. ಜೀವಂತ ಕೋಶಗಳ ದೀರ್ಘ ವೀಕ್ಷಣೆಗೆ ಈ ಏರ್ಪಾಡು ಹೊಂದುವುದಿಲ್ಲ. ಗಂಟೆಯ ಲೆಕ್ಕದಲ್ಲಿ ಹತ್ತಾರು ತಂಡಗಳಿಗೆ ಹಂಚಿಹೋಗುವ ಯಂತ್ರವನ್ನು ಒಬ್ಬ ವಿದ್ಯಾರ್ಥಿ ಮೂರು ರಾತ್ರಿ ಹಿಡಿದಿಟ್ಟರೆ ಉಳಿದವರು ಸುಮ್ಮನಿರುತ್ತಾರೆಯೇ? ಪ್ರಯಾಣದಿಂದ ನಲುಗಿದ ಕೋಶ ಚೇತರಿಸಿಕೊಳ್ಳಲೂ ಸಮಯ ಬೇಕು. ಆದ್ದರಿಂದ ಬಹುಬಣ್ಣದ, ಅತಿ ಸ್ಪಷ್ಟ ಚಿತ್ರದ ದುಬಾರಿ ಬಿಂದು ಕಾನ್‌ಫೋಕಲ್ ಹಂಚಿಕೆಯ ಕೇಂದ್ರದಲ್ಲಿರಲಿ. ದೂರದ ವಿಶ್ವವಿದ್ಯಾಲಯ ತಾನೇ ಕೊಳ್ಳುವುದಾದರೆ ಎರಡೇ ಲೇಸರಿನ, ಆದರೆ ರಾತ್ರಿಯಿಡೀ ನಿಷ್ಠೆಯಿಂದ ದುಡಿಯುವ ಸರಳ ಯಂತ್ರವನ್ನು ಕೊಳ್ಳಲಿ. ನಡೆಯುತ್ತಿರುವುದು ಇದರ ತಿರುಗುಮುರುಗು.

ಟೆಂಡರಿನಲ್ಲಿ ಏನಿರಬೇಕು?

ಎರಡು ಲಕೋಟೆಯ ಟೆಂಡರಿನಲ್ಲಿ ತಾಂತ್ರಿಕ ಹಂತ ದಾಟಿದವರ ಪೈಕಿ ಅತಿ ಕಡಿಮೆ ದರದವನಿಗೆ ಗುತ್ತಿಗೆ ಸಲ್ಲುತ್ತದೆ. ಗುಣಮಟ್ಟದ ಭಾರವೆಲ್ಲ ತಾಂತ್ರಿಕ ವಿವರಪಟ್ಟಿಯ ಮೇಲೆಯೇ. ಅದನ್ನು ಒಂದು ಕಂಪನಿಯ ಕೈಪಿಡಿಯಿಂದ ನಕಲು ಮಾಡಿದರೆ ಉಳಿದವರು ಆಕ್ಷೇಪ ಎತ್ತುತ್ತಾರೆ, ಕಡತ ವರ್ಷಗಟ್ಟಲೆ ಕೊಳೆಯುತ್ತದೆ. ಸಾಧನೆಯನ್ನು ಷರತ್ತಾಗಿಸಿದರೆ ಈ ತೊಡಕಿಲ್ಲ. ಕೊಳ್ಳುವವರದೇ ಕೋಶ, ಕೊಳ್ಳುವವರದೇ ಪ್ರೋಟೀನು, 48 ಗಂಟೆಯ ಓಟ. ತಟ್ಟೆಯ ಕೆಲವು ಬಾವಿಗಳ ಮೇಲೆ ಲೇಸರ್ ಬೀಳಲಿ. ಅದೇ ಪೆಟ್ಟಿಗೆಯಲ್ಲಿರುವ ಇನ್ನು ಕೆಲವು ಕತ್ತಲಲ್ಲಿರಲಿ. ಮತ್ತೊಂದು ತಟ್ಟೆ ಪ್ರಯೋಗಾಲಯದ ಮಾಮೂಲು ಇನ್‌ಕ್ಯುಬೇಟರಿನಲ್ಲಿರಲಿ. ಕೊನೆಗೆ ಕೋಶಗಳನ್ನು ಎಣಿಸುವುದು. ಹೀಲಾ ಕೋಶವಾದರೆ ದಿನಕ್ಕೊಮ್ಮೆಯಂತೆ ಒಡೆದು ಎರಡು ದಿನದಲ್ಲಿ ಒಂದು ನಾಲ್ಕಾಗಬೇಕು. ಲೇಸರ್ ಬಿದ್ದಲ್ಲಿ ಮಾತ್ರ ಕಡಿಮೆಯಾದರೆ ತಪ್ಪು ಬೆಳಕಿನದು. ಪೆಟ್ಟಿಗೆಯೊಳಗಿನ ಎರಡರಲ್ಲೂ ಕಡಿಮೆಯಾದರೆ ತಪ್ಪು ಪೆಟ್ಟಿಗೆಯದು. ಚಿತ್ರವೂ ಅಳತೆಗೆ ಯೋಗ್ಯವಾಗಿರಬೇಕೆಂಬುದು ಜೊತೆಯ ಷರತ್ತು. ಇಲ್ಲವಾದರೆ ಲೇಸರನ್ನೇ ಆರಿಸಿ ಗೆಲ್ಲುವ ಜಾಣರಿರುತ್ತಾರೆ. ಮಸೂರದ ತುದಿಯಲ್ಲಿ ಬೆಳಕಿನ ಶಕ್ತಿಯನ್ನು ಮಾಪಕದಿಂದ ಅಳೆದು ಬರೆದಿಡಬೇಕು. ಸೂಕ್ಷ್ಮದರ್ಶನದ ಗುಣಮಟ್ಟಕ್ಕಾಗಿ 2020ರಲ್ಲಿ ರೂಪುಗೊಂಡ ಕ್ವಾರೆಪ್-ಲಿಮಿ ಎಂಬ ಅಂತಾರಾಷ್ಟ್ರೀಯ ಒಕ್ಕೂಟವೂ ಇಂತಹ ಅಳತೆಗೆ ಒತ್ತು ಕೊಡುತ್ತಿದೆ.

ಪ್ರಾತ್ಯಕ್ಷಿಕೆಯ ಯಂತ್ರವನ್ನು ಅಷ್ಟು ಹೊತ್ತು ಕೊಡಲಾಗದೆಂದು ಮಾರಾಟಗಾರರು ಹೇಳುವುದುಂಟು. ಅವರ ಕಷ್ಟ ಸುಳ್ಳಲ್ಲ. ಯಂತ್ರ ಸಾಗಿಸುವುದಕ್ಕೂ ಖರ್ಚಿದೆ. ಹಾಗಿದ್ದಲ್ಲಿ ಅದೇ ಮಾದರಿಯ ಯಂತ್ರ ಈಗಾಗಲೇ ಇರುವ ಸಂಸ್ಥೆಗೆ ಕೋಶಗಳೊಂದಿಗೆ ಒಬ್ಬ ವಿದ್ಯಾರ್ಥಿಯನ್ನು ನಾಲ್ಕು ದಿನ ಕಳುಹಿಸಬಹುದು. ಖರ್ಚು ಕೆಲವು ಸಾವಿರ ರೂಪಾಯಿ. ಅಲ್ಲಿ ಆ ಯಂತ್ರವನ್ನು ನಡೆಸುವ ತಂತ್ರಜ್ಞರನ್ನು, ಕಂಪನಿಯ ಪ್ರತಿನಿಧಿ ಪಕ್ಕದಲ್ಲಿಲ್ಲದಾಗ, ಎರಡು ಮಾತು ಕೇಳಬೇಕು: ಕಳೆದ ವರ್ಷ ಯಂತ್ರ ಎಷ್ಟು ದಿನ ಕೆಟ್ಟು ನಿಂತಿತ್ತು, ಬಿಡಿಭಾಗ ಬರಲು ಎಷ್ಟು ವಾರ ಹಿಡಿಯಿತು. ವಾರಂಟಿ ಮುಗಿದ ನಂತರದ ವಾರ್ಷಿಕ ನಿರ್ವಹಣೆಯ ದರವನ್ನು ಐದು ವರ್ಷಗಳಿಗೆ ಮೊದಲೇ ಬರೆಸಿಕೊಂಡು ಅದನ್ನೂ ದರ ಹೋಲಿಕೆಯಲ್ಲಿ ಸೇರಿಸಬೇಕು.

ರಾಜ್ಯದ ವಿಶ್ವವಿದ್ಯಾಲಯಗಳ ಖರೀದಿ ನಡೆಯುವುದು 1999ರ ಕರ್ನಾಟಕ ಸಾರ್ವಜನಿಕ ಸಂಗ್ರಹಣೆಯಲ್ಲಿ ಪಾರದರ್ಶಕತೆ ಕಾಯಿದೆಯಡಿ; ಕೇಂದ್ರದ ಸಡಿಲಿಕೆ ಅವುಗಳಿಗೆ ತಾನಾಗಿ ಅನ್ವಯಿಸದು. ಆದರೆ ಕೋಶ ಎಣಿಸುವ ಷರತ್ತನ್ನು ತಾಂತ್ರಿಕ ಅರ್ಹತೆಯಲ್ಲಿ ಸೇರಿಸುವುದಕ್ಕೆ ಯಾವ ಹೊಸ ಆದೇಶವೂ ಬೇಕಿಲ್ಲ. ಟೆಂಡರು ಪ್ರಕಟವಾದ ಮೇಲೆ ಅದನ್ನು ಸೇರಿಸಹೊರಟರೆ ತಿದ್ದುಪಡಿ, ಮರುಟೆಂಡರು, ಆರ್ಥಿಕ ವರ್ಷ ಮುಗಿದು ಅನುದಾನ ಹಿಂದಿರುಗುವ ಭೀತಿ ಎಲ್ಲವೂ ಸಾಲಾಗಿ ಬರುತ್ತವೆ. ಕರಡು ಸಿದ್ಧವಾಗುವ ಹಂತದಲ್ಲೇ, ಯಂತ್ರದ ಮುಂದೆ ರಾತ್ರಿ ಕುಳಿತುಕೊಳ್ಳಬೇಕಾದ ಸಂಶೋಧನ ವಿದ್ಯಾರ್ಥಿಯನ್ನು ಸಮಿತಿಯ ಸಭೆಗೆ ಕರೆದು ಕೂರಿಸಿದರೆ ಆ ಷರತ್ತು ಆಗಲೇ ಅದರಲ್ಲಿ ಸೇರುತ್ತದೆ.